ಹಿಟ್ಟಿನ ಗಿರಣಿಯ ಮೇಲೆ ಎಂಟು ಭಾನುವಾರ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ಸೊಸೈಟಿಯೊಂದರಲ್ಲಿ ಅಡಿಕೆಯ ಖಾತೆ ಬರೆದು ನಿವೃತ್ತನಾದವನಿಗೆ ಬೇರೆ ರೀತಿಯಲ್ಲಿ ಶುರುಮಾಡಲು ಬರುವುದಿಲ್ಲ. ಎಂಟು ಭಾನುವಾರದ ಧ್ಯಾನ ತರಗತಿ, ಬೆಳಿಗ್ಗೆ 7ರಿಂದ 9, ಶುಲ್ಕ 1,600 ರೂಪಾಯಿ. ಒಂದು ಭಾನುವಾರ ತರಗತಿ ನಡೆಯಲೇ ಇಲ್ಲ. ಬದಲಿಗೆ ಬೇರೆ ದಿನವನ್ನೂ ಕೊಡಲಿಲ್ಲ, ಹಣವನ್ನೂ ಮರಳಿಸಲಿಲ್ಲ. ಹೀಗಾಗಿ ತರಗತಿಗೆ 200 ರೂಪಾಯಿ ಎಂದುಕೊಂಡು ಹೋದದ್ದು 228 ರೂಪಾಯಿ 57 ಪೈಸೆಗೆ ಬಿತ್ತು. ಮುಂಡಗೋಡಿಗೆ ಹೋದ ದಿನದ ವಾಹನದ ಖರ್ಚು 350 ಬೇರೆ. ಇಷ್ಟು ಕೊಟ್ಟು ನಿನಗೆ ಸಿಕ್ಕಿದ್ದೇನು ಎಂದು ಇಬ್ಬರು ಮೂವರು ಕೇಳಿದರು. ಬಾಯಲ್ಲಿ ಹೇಳಲು ಹೊರಟರೆ ನನ್ನ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ಜಾಗ ಶಿರಸಿಯ ದೇವಿಕೆರೆಯ ಹತ್ತಿರದ ಒಂದು ಓಣಿ. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಹಲಗೆ ಹಾಸಿದ ಹಳೆಯ ಮಾಳಿಗೆ. ಮೊದಲು ಅಲ್ಲಿ ಟ್ಯೂಷನ್ ನಡೆಯುತ್ತಿತ್ತಂತೆ, ಗೋಡೆಯ ಮೇಲೆ ಇನ್ನೂ ಆವರ್ತ ಕೋಷ್ಟಕ ಇದೆ. ಹನ್ನೆರಡು ಚಾಪೆ, ಆರು ಪ್ಲಾಸ್ಟಿಕ್ ಕುರ್ಚಿ. ಫ್ಯಾನ್ ಒಂದೇ, ಅದೂ ತಿರುಗುವಾಗ ಅಳುತ್ತದೆ. ಕಲಿಸುವವರು ಕಾರವಾರದವರು, ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು. ಮನೆಮಾತು ಕೊಂಕಣಿ, ಆದರೆ ಕನ್ನಡ ನಮ್ಮೆಲ್ಲರಿಗಿಂತ ಚೊಕ್ಕ. ಗುರು ಎಂದರೆ ಸಿಟ್ಟು ಬರುತ್ತದೆ ಅವರಿಗೆ. ಹಾಗಾಗಿ ಎಲ್ಲರೂ ಸಿಸ್ಟರ್ ಎನ್ನುತ್ತೇವೆ. ಪ್ರತಿ ಶನಿವಾರ ಕುಮಟೆಯ ಮೇಲೆ ದೇವಿಮನೆ ಘಟ್ಟ ಹತ್ತಿ ಬಂದು, ಸಂಬಂಧಿಕರ ಮನೆಯಲ್ಲಿ ಉಳಿದು, ಬೆಳಿಗ್ಗೆ ಏಳಕ್ಕೆ ಐದು ನಿಮಿಷ ಇರುವಾಗ ಬಾಗಿಲು ತೆರೆಯುತ್ತಾರೆ. ಘಟ್ಟದಲ್ಲಿ ಬಸ್ಸು ಕೆಟ್ಟು ನಿಂತ ಶನಿವಾರವೇ ನನ್ನ 28 ರೂಪಾಯಿ 57 ಪೈಸೆ ಹೋದದ್ದು.

ಔಷಧಿ ಅಂಗಡಿಯ ಗಾಜಿಗೆ ಅಂಟಿಸಿದ ಕರಪತ್ರ ನೋಡಿ ಹೋದವನು ನಾನು. "ಬೌದ್ಧ ಧ್ಯಾನ, ಎಂಟು ವಾರದಲ್ಲಿ ಮನಃಶಾಂತಿ ಖಚಿತ" ಎಂದಿತ್ತು. ಮೊದಲ ದಿನವೇ ಕೇಳಿದೆ: "ಸಿಸ್ಟರ್, ಖಚಿತ ಎಂದರೆ ಎಷ್ಟು ಖಚಿತ?" ಅವರು ಕರಪತ್ರವನ್ನು ಅಂದೇ ನೋಡಿದ್ದರಂತೆ. "ಇದು ಮುದ್ರಣಾಲಯದ ಹುಡುಗ ಸೇರಿಸಿದ್ದು. ನಾನು ಬರೆದುಕೊಟ್ಟದ್ದು ಧ್ಯಾನ ಎಂದು ಮಾತ್ರ. ಶಾಂತಿ ಸಿಗದಿದ್ದರೆ ನನ್ನನ್ನು ಕೇಳಬೇಡಿ, ಸಿಕ್ಕರೂ ಕೇಳಬೇಡಿ" ಎಂದರು. ಅಲ್ಲಿಗೇ ಎದ್ದು ಬರಬಹುದಿತ್ತು. ದುಡ್ಡು ಕಟ್ಟಿಯಾಗಿತ್ತು.

ಈಗ ಹೋದ ಕಾರಣ. ಎರಡು ವರ್ಷದ ಹಿಂದೆ ನನ್ನ ಹೆಂಡತಿಗೆ ಅಂಡಾಶಯದ ಕ್ಯಾನ್ಸರ್ ಎಂದಾಯಿತು. ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ, ಆರು ಸುತ್ತು ಕಿಮೊ. ಮುಗಿಯಿತು, ಕೂದಲು ಬಂತು, ತೋಟಕ್ಕೆ ಹೋಗಿ ಬಾಳೆ ಎಲೆ ಕೊಯ್ದು ತರುವಷ್ಟಾದಳು. ಆಮೇಲೆ ಶುರುವಾದದ್ದು ಮೂರು ತಿಂಗಳಿಗೊಮ್ಮೆಯ ತಪಾಸಣೆ. ರಕ್ತ ತೆಗೆದು ಸಿಎ-125 ಎಂಬ ಒಂದು ಅಂಕಿ ಕೊಡುತ್ತಾರೆ, ಕ್ಯಾನ್ಸರ್ ಮರಳಿದರೆ ಏರಬಹುದಾದದ್ದು; ಅದು 35ರ ಒಳಗಿರಬೇಕು. ನಮ್ಮದು 11, 14, 13, 18, 22. ವೈದ್ಯರು ಪ್ರತಿ ಸಲವೂ ಮಿತಿಯ ಒಳಗೇ ಇದೆ, ಇಷ್ಟು ಏರಿಳಿತ ಇರುತ್ತದೆ, ಚಿಂತೆ ಬೇಡ ಎನ್ನುತ್ತಾರೆ. ಅವರು ಅಂಕಿಯನ್ನು ನೋಡುತ್ತಾರೆ, ನಾನು ಅಂಕಿಗಳ ನಡಿಗೆಯನ್ನು ನೋಡುತ್ತೇನೆ. ಚಾಲಿಯ, ಅಂದರೆ ಒಣಗಿಸಿ ಸುಲಿದ ಅಡಿಕೆಯ, ದರ ಏರುವುದಕ್ಕೆ ಮೊದಲು, ಬೀಳುವುದಕ್ಕೆ ಮೊದಲು, ಖಾತೆ ಪುಸ್ತಕದಲ್ಲಿ ಹೇಗೆ ಸೂಚನೆ ಸಿಗುತ್ತದೆ ಎಂದು ಮೂವತ್ತೊಂದು ವರ್ಷ ನೋಡಿದ ಕಣ್ಣು ಇದು. ಗ್ರಾಫ್ ಕಾಗದ ತಂದು ಗೆರೆ ಎಳೆದೆ. ಗೆರೆ ಮುಂದೆ ಹೋದರೆ ಎಲ್ಲಿ ಮುಟ್ಟುತ್ತದೆ ಎಂದು ಚುಕ್ಕೆ ಚುಕ್ಕೆಯಾಗಿ ಎಳೆದೆ. ರಾತ್ರಿ ಎರಡಕ್ಕೆ ಎದ್ದು ಮತ್ತೆ ಎಳೆದೆ. ಇತ್ತ ತೋಟಕ್ಕೆ ಎಲೆಚುಕ್ಕಿ ರೋಗ ಹತ್ತಿತ್ತು. ಅಡಿಕೆ ಮರ ಹತ್ತುವ ಕೊನೆಗೌಡ ಇಳಿದು ಬಂದು "ಹೆಗಡೆಯವರೇ, ಮೇಲಿನ ಮೂರು ಸಾಲು ಪೂರ್ತಿ ಹಿಡಿದಿದೆ" ಎಂದರೆ ನನಗೆ ಕೇಳಿಸಿದ್ದು ಬೇರೆಯೇ. ಕಾಯಿಲೆಯ ಮನುಷ್ಯ ನಿದ್ದೆ ಮಾಡುತ್ತಿದ್ದಳು, ಆರೋಗ್ಯವಂತ ಮನುಷ್ಯ ಎದ್ದು ಕುಳಿತಿರುತ್ತಿದ್ದ.

ಹಾಗೆಂದು ಮೊದಲ ಭಾನುವಾರವೇ ಏನೋ ದೊಡ್ಡದು ಆಯಿತು ಎಂದುಕೊಳ್ಳಬೇಡಿ. ಮೊದಲ ಭಾನುವಾರ ಅಪ್ಪೆಮಿಡಿ ತಿಂದೆವು.

ಅಮೆರಿಕದಲ್ಲಿ ಜಾನ್ ಕಬಾಟ್-ಜಿನ್ ಎಂಬವರು 1979ರಲ್ಲಿ ಮ್ಯಾಸಚೂಸೆಟ್ಸ್‌ನ ವೈದ್ಯಕೀಯ ಕಾಲೇಜಿನಲ್ಲಿ ಇಂಥ ತರಗತಿ ಶುರುಮಾಡಿದರಂತೆ. ಔಷಧಿಯಿಂದ ನೋವು ಪೂರ್ತಿ ಹೋಗದ ರೋಗಿಗಳಿಗಾಗಿ, ಬೌದ್ಧರ ಧ್ಯಾನದಿಂದ ಧರ್ಮದ ಮಾತನ್ನು ಬದಿಗಿಟ್ಟು, ಅಭ್ಯಾಸವನ್ನು ಮಾತ್ರ ತೆಗೆದುಕೊಂಡದ್ದು. ಅಲ್ಲಿ ಮೊದಲ ದಿನ ಒಂದು ಒಣದ್ರಾಕ್ಷಿಯನ್ನು ಕೊಟ್ಟು ನಿಧಾನವಾಗಿ ತಿನ್ನಿಸುತ್ತಾರೆ. ಸಿಸ್ಟರ್ ಶಿರಸಿಗೆ ಒಣದ್ರಾಕ್ಷಿ ಏಕೆ ಎಂದು ಉಪ್ಪುನೀರಿನಲ್ಲಿ ಹಾಕಿಟ್ಟ ಹಿಂದಿನ ವರ್ಷದ ಅಪ್ಪೆಮಿಡಿಯ ಭರಣಿ ತಂದಿದ್ದರು. ಒಬ್ಬೊಬ್ಬರಿಗೆ ಒಂದೊಂದು ಮಿಡಿ. ತಿನ್ನಲು ಹತ್ತು ನಿಮಿಷ.

ಐವತ್ತೊಂಬತ್ತು ವರ್ಷದಲ್ಲಿ ನಾನು ತಿಂದ ಅಪ್ಪೆಮಿಡಿ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಆದರೆ ಅಂಗೈ ಮೇಲೆ ಇಟ್ಟುಕೊಂಡು ನೋಡಿದ್ದು ಅದೇ ಮೊದಲು. ಮೈ ಸುಕ್ಕು, ಬಣ್ಣ ಹಸಿರೂ ಅಲ್ಲ ಕಂದೂ ಅಲ್ಲ, ಮಳೆಗಾಲದ ಕೊನೆಯಲ್ಲಿ ಅಂಗಳದ ಹಾವಸೆ ಒಣಗಿದಾಗ ಇರುವಂಥದ್ದು. ತೊಟ್ಟಿನ ಹತ್ತಿರ ಮೂಗಿಟ್ಟರೆ ಸೊನೆಯ ಪರಿಮಳ ವರ್ಷ ಕಳೆದರೂ ಹೋಗಿರಲಿಲ್ಲ. ನಾಲಗೆಗೆ ತಾಗಿಸಿ ಕಚ್ಚದೆ ಇಟ್ಟುಕೊಳ್ಳಿ ಎಂದರು. ಬಾಯಿ ತುಂಬ ನೀರು. ಕಚ್ಚಿದಾಗ ಕಟುಂ ಎಂದ ಸದ್ದು ಕಿವಿಯ ಒಳಗಿನಿಂದ ಕೇಳಿತು. ಮೊದಲು ಉಪ್ಪು, ಹಿಂದೆಯೇ ಹುಳಿ, ಒಳಗಿನ ಎಳೆಯ ಗೊರಟೆಯಲ್ಲಿ ಒಂದು ಒಗರು. ಆ ಒಗರು ಇದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ, ಮೊಸರನ್ನದ ಜೊತೆ ಅದು ಎಂದೂ ಸಿಕ್ಕಿರಲಿಲ್ಲ. ಹತ್ತು ನಿಮಿಷ ಮುಗಿದು ಗಂಟೆ ಬಾರಿಸಿದಾಗ ನನಗೆ ಹೊಳೆದದ್ದು ಇಷ್ಟೇ: ಈ ಹತ್ತು ನಿಮಿಷದಲ್ಲಿ 22 ಎಂಬ ಅಂಕಿ ಒಂದು ಸಲವೂ ಬರಲಿಲ್ಲ. ಗಮನಕ್ಕೆ ಬಂದ ಕೂಡಲೇ ಅದು ಬಂದು ಕುಳಿತಿತು, ಅದು ಬೇರೆ ಮಾತು.

ಎರಡನೆಯ ವಾರ ಅಂಗಾತ ಮಲಗಿ ಎಡಗಾಲಿನ ಬೆರಳುಗಳಿಂದ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ಗಮನಿಸುವ ಅಭ್ಯಾಸ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊಣಕಾಲಿಗೆ ಬರುವಷ್ಟರಲ್ಲಿ ಅರ್ಧ ತರಗತಿ ಗೊರಕೆ ಹೊಡೆಯುತ್ತಿತ್ತು, ನಾನೂ ಅದರಲ್ಲಿ ಸೇರಿದ್ದೆ.

ಮೂರನೆಯ ವಾರದ ಉಸಿರಿನ ಪಾಠ ನಮ್ಮಂಥವರಿಗೆ ಕಷ್ಟ. ಉಪನಯನವಾದ ದಿನದಿಂದ ಸಂಧ್ಯಾವಂದನೆಯಲ್ಲಿ ಪ್ರಾಣಾಯಾಮ ಮಾಡಿದ ಕೈ ನನ್ನದು. ಉಸಿರು ಎಂದ ಕೂಡಲೇ ಹೆಬ್ಬೆರಳು ತಾನಾಗಿ ಮೂಗಿಗೆ ಹೋಯಿತು. "ಹೆಗಡೆಯವರೇ, ಮೂಗು ಬಿಡಿ" ಎಂದರು ಸಿಸ್ಟರ್. ಇಲ್ಲಿ ಉಸಿರನ್ನು ಎಳೆಯುವುದಿಲ್ಲ, ಹಿಡಿಯುವುದಿಲ್ಲ, ಎಣಿಸುವುದೂ ಕಡ್ಡಾಯವಲ್ಲ. ಉಸಿರು ಉದ್ದವಾಗಿದ್ದರೆ ಉದ್ದ ಎಂದು ತಿಳಿ, ಗಿಡ್ಡವಾಗಿದ್ದರೆ ಗಿಡ್ಡ ಎಂದು ತಿಳಿ; ಪಾಳಿ ಭಾಷೆಯ ಸತಿಪಟ್ಠಾನ ಸುತ್ತದಲ್ಲಿ (ಸುತ್ತ ಎಂದರೆ ಸೂತ್ರ, ಉಪದೇಶ) ಬುದ್ಧ ಹೇಳುವುದೂ ಅಷ್ಟೇ ಎಂದರು. ತಿಳಿದು ಏನು ಮಾಡಬೇಕು ಎಂದು ಕೇಳಿದೆ. ಮುಂದಿನ ಉಸಿರನ್ನು ತಿಳಿಯಬೇಕು ಎಂದರು. ಅಡಿಕೆಯನ್ನು ತೂಗಬೇಡ, ಆರಿಸಬೇಡ, ರಾಶಿಯ ಮುಂದೆ ಸುಮ್ಮನೆ ಕುಳಿತುಕೊಂಡು ನೋಡು ಎಂದ ಹಾಗೆ. ನನಗೆ ಮೈ ಪರಚಿಕೊಳ್ಳುವಂತಾಯಿತು.

ತರಗತಿಯ ದೊಡ್ಡ ತೊಡಕು ಮಾತಿನದು. ಪಾಳಿಯ ಶಬ್ದಗಳೆಲ್ಲ ನಮಗೆ ಗೊತ್ತಿರುವ ಹಾಗೇ ಕೇಳುತ್ತವೆ, ಆದರೆ ಅರ್ಥ ಬೇರೆ. "ಸತಿಯನ್ನು ಉಸಿರಿನ ಮೇಲೆ ಇಡಿ" ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪಾಳಿಯ ಸತಿ ಸಂಸ್ಕೃತದ ಸ್ಮೃತಿ, ಇಲ್ಲಿ ಅದಕ್ಕೆ ಎಚ್ಚರ ಎಂದು ಅರ್ಥ. ನನ್ನ ಮಟ್ಟಿಗೆ ಎರಡು ಅರ್ಥವೂ ಸರಿಯಾಗಿತ್ತು; ನಾನು ಇಟ್ಟ ಪ್ರತಿ ಉಸಿರಿನ ಮೇಲೂ ಅವಳೇ ಇದ್ದಳು. ಇನ್ನೊಂದು ದಿನ "ದೇಹದಲ್ಲಿ ಈಗ ಯಾವ ವೇದನೆ ಇದೆ ನೋಡಿ" ಎಂದರೆ, ಕಿರಾಣಿ ಅಂಗಡಿಯ ಯಜಮಾನರು ಕಣ್ಣು ಬಿಟ್ಟು "ದೇವರ ದಯೆ, ಯಾವ ವೇದನೆಯೂ ಇಲ್ಲ ಸಿಸ್ಟರ್" ಎಂದರು. ಪಾಳಿಯಲ್ಲಿ ಹಿತವಾದ ಅನುಭವವೂ ವೇದನೆ, ಅಹಿತವಾದದ್ದೂ ವೇದನೆ, ಎರಡೂ ಅಲ್ಲದ್ದೂ ವೇದನೆ. ನಮ್ಮ ಕನ್ನಡ ಮೂರರಲ್ಲಿ ನೋವನ್ನು ಮಾತ್ರ ಇಟ್ಟುಕೊಂಡು ಉಳಿದ ಎರಡನ್ನು ಬಿಟ್ಟಿತು. ಏಕೆ ಬಿಟ್ಟಿತೋ, ಭಾಷೆ ಬಲ್ಲವರು ಹೇಳಬೇಕು.

ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕರ ಪಾಠವಾದ ದಿನ ಮನೆಗೆ ಬಂದು ಹೆಂಡತಿಗೆ ಹೇಳಿದೆ, ಇವತ್ತು ಉಪೇಕ್ಷೆಯನ್ನು ಕಲಿಸಿದರು ಎಂದು. ಅವಳು ತೆಂಗಿನಕಾಯಿ ತುರಿಯುತ್ತಿದ್ದಳು. "ಅದಕ್ಕೆ ದುಡ್ಡು ಕೊಟ್ಟಿರೇ? ಮೂವತ್ತು ವರ್ಷದಿಂದ ನೀವು ಮನೆಯಲ್ಲಿ ಮಾಡುತ್ತಿರುವುದು ಅದೇ ಅಲ್ಲವೇ" ಎಂದಳು. ಪಾಳಿಯ ಉಪೇಕ್ಖಾ ಎಂದರೆ ಅಲಕ್ಷ್ಯವಲ್ಲ, ಹತ್ತಿರವೇ ನಿಂತು ತೂಕ ತಪ್ಪದೆ ನೋಡುವುದು ಎಂದು ವಿವರಿಸಿದೆ. "ಹಾಗಾದರೆ ಅದು ನಿಮಗೆ ಬರುವುದಿಲ್ಲ" ಎಂದಳು. ಎರಡೂ ಸಲ ಅವಳ ಮಾತೇ ಸರಿ.

ನನಗೆ ನಿಜವಾಗಿ ದುಡ್ಡು ಸಂದದ್ದು ನಾಲ್ಕನೆಯ ಭಾನುವಾರ. ಬುದ್ಧನ ಉಪದೇಶಗಳ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ಸಲ್ಲ ಸುತ್ತ ಎಂದೊಂದು ಇದೆ, ಸಲ್ಲ ಎಂದರೆ ಶಲ್ಯ, ಬಾಣ. ಒಬ್ಬನಿಗೆ ಒಂದು ಬಾಣ ತಾಗುತ್ತದೆ, ಅದರ ಹಿಂದೆಯೇ ಇನ್ನೊಂದು ತಾಗುತ್ತದೆ. ಮೊದಲನೆಯದು ಮೈಗೆ ಬಂದ ನೋವು, ಅದು ತಿಳಿದವನಿಗೂ ತಪ್ಪಿದ್ದಲ್ಲ, ತಿಳಿಯದವನಿಗೂ ತಪ್ಪಿದ್ದಲ್ಲ. ಎರಡನೆಯದು ಆ ನೋವಿಗೆ ಮನಸ್ಸು ಪಡುವ ಸಂಕಟ. ಸಿಸ್ಟರ್ ಇದನ್ನು ಪ್ರವಚನದ ಧಾಟಿಯಲ್ಲಿ ಹೇಳಲಿಲ್ಲ, ವಾರ್ಡಿನ ಮಾತು ಹೇಳಿದರು. ರಾತ್ರಿ ಪಾಳಿಯಲ್ಲಿ ರೋಗಿಗೆ ಸೂಜಿ ಚುಚ್ಚಿದಾಗಿನ ನೋವು ಅರ್ಧ ನಿಮಿಷ, ಸೂಜಿ ಬರುತ್ತದೆ ಎಂದು ಬಾಗಿಲು ನೋಡುತ್ತ ಮಲಗಿದ ನೋವು ನಾಲ್ಕು ಗಂಟೆ, ಸೂಜಿಗೆ ಔಷಧಿ ನನ್ನ ಹತ್ತಿರ ಇತ್ತು, ಬಾಗಿಲಿಗೆ ಇರಲಿಲ್ಲ ಎಂದರು.

ಮನೆಗೆ ಬಂದು ಹಳೆಯ ರೋಜು ಪುಸ್ತಕ ಒಂದನ್ನು ತೆಗೆದೆ. ತಾರೀಖು, ವಿವರ, ಜಮಾ, ಖರ್ಚು. ಖರ್ಚಿನ ಕಡೆ ತಲೆಯಲ್ಲಿ ಬಂದದ್ದನ್ನು ಬರೆಯುವುದು, ಜಮಾ ಕಡೆ ನಿಜವಾಗಿ ಆದದ್ದನ್ನು. ಇದು ಸಿಸ್ಟರ್ ಹೇಳಿಕೊಟ್ಟದ್ದಲ್ಲ, ನನ್ನದೇ. ಒಂದು ವಾರದ ಪುಟದಿಂದ ಎರಡು ಮೂರು ಸಾಲು ಎತ್ತಿ ಬರೆಯುತ್ತೇನೆ. "ಮಂಗಳವಾರ ರಾತ್ರಿ 2.10: ಮತ್ತೆ ಕಿಮೊ ಎಂದರೆ ಕೆಳಗಿನ ತೋಟ ಮಾರಬೇಕು, ಮಾರಿದರೆ ಪಕ್ಕದವನೇ ಕೊಳ್ಳುತ್ತಾನೆ. ಆದದ್ದು: ಏನೂ ಇಲ್ಲ, ನಾಯಿ ಬೊಗಳಿತು." "ಬುಧವಾರ: ಊಟ ಅರ್ಧಕ್ಕೆ ಬಿಟ್ಟಳು, ಹೊಟ್ಟೆಯಲ್ಲಿ ಮತ್ತೆ ನೀರು ತುಂಬಿರಬೇಕು. ಆದದ್ದು: ಸಂಜೆ ನಾಲ್ಕಕ್ಕೆ ಎರಡು ತೊಡದೇವು ತಿಂದಿದ್ದಳಂತೆ." "ಶುಕ್ರವಾರ: ಮಗ ಬೆಂಗಳೂರಿನಿಂದ ಫೋನ್ ಮಾಡಲಿಲ್ಲ, ವೈದ್ಯರು ಅವನಿಗೆ ಮಾತ್ರ ಏನೋ ಹೇಳಿದ್ದಾರೆ. ಆದದ್ದು: ಮೊಬೈಲ್ ಚಾರ್ಜ್ ಇರಲಿಲ್ಲ." ವಾರದ ಕೊನೆಗೆ ಮೊತ್ತ ಹಾಕಿದೆ. ಖರ್ಚಿನ ಕಡೆ ನಲವತ್ತೊಂದು ಬಾಬತ್ತು. ಜಮಾ ಕಡೆ ನಿಜಕ್ಕೂ ನೋವು ಎನ್ನಬಹುದಾದದ್ದು ಮೂರು, ಅದರಲ್ಲೂ ಒಂದು ನನ್ನ ಹಲ್ಲುನೋವು. ಇಷ್ಟು ತಾಳೆಯಾಗದ ಪುಸ್ತಕವನ್ನು ನಮ್ಮ ಲೆಕ್ಕಪರಿಶೋಧಕರ ಮುಂದೆ ಇಟ್ಟಿದ್ದರೆ ಅವರು ನನ್ನನ್ನು ಮನೆಗೆ ಕಳಿಸುತ್ತಿದ್ದರು.

ಪುಸ್ತಕ ಬರೆದದ್ದರಿಂದ ಚಿಂತೆ ನಿಂತಿತೇ? ನಿಲ್ಲಲಿಲ್ಲ. ಮುಂದಿನ ವಾರ ಮೂವತ್ತೆಂಟು. ಆದರೆ ರಾತ್ರಿ ಎರಡಕ್ಕೆ ಬಂದವನ ಮುಖ ಪರಿಚಯವಾಯಿತು. ಗ್ರಾಫ್ ಕಾಗದ ಹುಡುಕಲು ಎದ್ದು ಹೋಗುವ ಮೊದಲು "ಓ, ಇವನು ಎರಡನೆಯವನು" ಎನ್ನುವಷ್ಟು ಬಿಡುವು ಸಿಗತೊಡಗಿತು. ಕೆಲವು ರಾತ್ರಿ ಎದ್ದೆ, ಕೆಲವು ರಾತ್ರಿ ಏಳಲಿಲ್ಲ.

ಐದನೆಯ ಭಾನುವಾರ ಗಿರಣಿಯಲ್ಲಿ ಯಾರದೋ ಮನೆಯ ವರ್ಷದ ಮೆಣಸಿನ ಪುಡಿ. ಮಾರ್ಚ್ ತಿಂಗಳು, ಬ್ಯಾಡಗಿ ಮೆಣಸು ಒಣಗಿಸಿ ತಂದು ಸುರಿದಿದ್ದರು. ಎಂಟು ಗಂಟೆಗೆ ಯಂತ್ರ ಶುರು. ಹಲಗೆ ಕಾಲಡಿಯಲ್ಲಿ ಗುಂಯ್‌ಗುಡುತ್ತದೆ, ಹಲಗೆಯ ಸಂದಿಯಿಂದ ಘಾಟು ಮೇಲೇರುತ್ತದೆ. ಮೊದಲು ಒಬ್ಬರ ಕೆಮ್ಮು, ಆಮೇಲೆ ಸೀನಿನ ಸರಣಿ. ಸಿಸ್ಟರ್ ಕದಲಲಿಲ್ಲ. "ಸೀನು ಬರುವ ಮೊದಲು ಮೂಗಿನಲ್ಲಿ ಏನಾಗುತ್ತದೆ ನೋಡಿ" ಎಂದರು. ನೋಡಿದೆ. ಮೂಗಿನ ಬೇರಿನಲ್ಲಿ ಮೊದಲು ಒಂದು ಕಚಗುಳಿ, ಕಣ್ಣಂಚಿನಲ್ಲಿ ನೀರು, ಎದೆ ತಾನಾಗಿ ಹಿಗ್ಗುವುದು, ಒಂದು ಕ್ಷಣ ಎಲ್ಲ ನಿಂತು ಹೋಗುವುದು. ಆ ನಿಂತ ಕ್ಷಣದಲ್ಲಿ ಸೀನಬೇಕೋ ಬೇಡವೋ ಎನ್ನುವುದು ನನ್ನ ಕೈಯಲ್ಲಿಲ್ಲ ಎಂದು ಖಾತ್ರಿಯಾಯಿತು. ಆಮೇಲೆ ನಾನು ಸೀನಿದ ರಭಸಕ್ಕೆ ಆವರ್ತ ಕೋಷ್ಟಕ ಅಲುಗಾಡಿತು. ನಕ್ಕೆವು, ಎಲ್ಲರೂ, ಸಿಸ್ಟರ್ ಸಹ. ತರಗತಿಯನ್ನು ಹತ್ತು ನಿಮಿಷ ಬೇಗ ಮುಗಿಸಿ ಹೊರಗೆ ಬಂದು ಮೂಗು ಒರೆಸಿಕೊಂಡೆವು. ಹೀಗಿದ್ದರೂ ಜಾಗ ಬದಲಿಸಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಉಬ್ಬಸ ಇರುವವರೊಬ್ಬರು ಆ ವಾರದ ಮೇಲೆ ಬರಲಿಲ್ಲ.

ಅವರ ಹಾಗೆ ಇನ್ನೊಬ್ಬರೂ ಬರುವುದನ್ನು ನಿಲ್ಲಿಸಿದರು, ಆ ಕಾರಣ ಬೇರೆ. ಬೌದ್ಧರ ಧ್ಯಾನ ನಮಗೇಕೆ, ನಮ್ಮಲ್ಲಿ ಇಲ್ಲವೇ ಎಂದು ಕೇಳಿದರು. ಸಿಸ್ಟರ್ ವಾದಕ್ಕೆ ಇಳಿಯಲಿಲ್ಲ. ನಾನು ಇಳಿದೆ. ಅಶೋಕನ ಕಾಲದಲ್ಲಿ ಧರ್ಮ ಹೇಳಲು ಭಿಕ್ಷುಗಳನ್ನು ದಿಕ್ಕು ದಿಕ್ಕಿಗೆ ಕಳಿಸಿದಾಗ ರಕ್ಖಿತ ಎಂಬವನನ್ನು ವನವಾಸ ಎಂಬ ಸೀಮೆಗೆ ಕಳಿಸಿದರು ಎಂದು ಸಿಂಹಳದ ಹಳೆಯ ಇತಿಹಾಸ ಗ್ರಂಥ ಮಹಾವಂಶ ಹೇಳುತ್ತದೆ. ಅದನ್ನು ನಮ್ಮ ಬನವಾಸಿ ಎಂದೇ ವಿದ್ವಾಂಸರು ಗುರುತಿಸುತ್ತ ಬಂದಿದ್ದಾರೆ. ಮಧುಕೇಶ್ವರ ದೇವಾಲಯದಲ್ಲಿರುವ ಐದು ಹೆಡೆಯ ನಾಗಶಿಲೆಯ ಪ್ರಾಕೃತ ಶಾಸನದಲ್ಲಿ ನಾಗ, ಕೆರೆ, ವಿಹಾರ ಮೂರರ ದಾನದ ಮಾತಿದೆ. ಶಿರಸಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಹೊರಗಿನದು ಎನ್ನುವುದಾದರೆ ಅಪ್ಪೆಮಿಡಿಗೆ ಹಾಕುವ ಒಣಮೆಣಸೂ ಹಡಗಿನಲ್ಲಿ ಬಂದದ್ದೇ ಎಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಈಗಲೂ ಸಿಕ್ಕರೆ ಚಹಾ ಕುಡಿಯುತ್ತೇವೆ, ಆ ಮಾತು ತೆಗೆಯುವುದಿಲ್ಲ.

ಏಳನೆಯ ಭಾನುವಾರ ಮುಂಡಗೋಡು. ಮಳಗಿ, ಪಾಳಾ ದಾಟಿ ಹೋಗುವ ಹುಬ್ಬಳ್ಳಿಯ ದಾರಿ ನನಗೆ ಆಸ್ಪತ್ರೆಯ ದಾರಿ. ಪ್ರತಿ ಸಲ ಟಿಬೆಟಿನವರ ಕ್ಯಾಂಪಿನ ಕಡೆ ತಿರುಗುವ ಫಲಕ ನೋಡಿದ್ದೆ, ತಿರುಗಿರಲಿಲ್ಲ. ನಮ್ಮ ಚಿಕ್ಕಂದಿನಲ್ಲಿ ಟಿಬೆಟಿನವರು ಎಂದರೆ ಚಳಿಗಾಲದಲ್ಲಿ ಸ್ವೆಟರ್ ಮಾರುವವರು. ಚೌಕಾಸಿ ಮಾಡಿದರೆ ನಗುತ್ತಿದ್ದರು, ದರ ಇಳಿಸುತ್ತಿರಲಿಲ್ಲ. ಅವರ ಹಿಂದೆ ಎಷ್ಟು ದೊಡ್ಡ ಕಥೆ ಇದೆ ಎಂದು ಗೊತ್ತಿದ್ದವರು ನಮ್ಮಲ್ಲಿ ಕಡಿಮೆ. ಗಾಂದೆನ್ ಮಠ ಲ್ಹಾಸಾದ ಹತ್ತಿರ 1409ರಲ್ಲಿ ಆದದ್ದು, ದ್ರೆಪುಂಗ್ 1416ರಲ್ಲಿ. 1959ರ ನಂತರ ಟಿಬೆಟಿನಿಂದ ಓಡಿಬಂದ ಭಿಕ್ಷುಗಳಲ್ಲಿ ಬಹಳ ಮಂದಿ ಪಶ್ಚಿಮ ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರು ಸೆರೆಮನೆಯಾಗಿ ಬಳಸಿದ್ದ ಕೋಟೆಯಲ್ಲಿ, ಸುಮಾರು ಹತ್ತು ವರ್ಷ ಕಳೆದರು. ಸೆಕೆ, ಕ್ಷಯ, ಸಾವು. ಅಲ್ಲಿಯೂ ಪಾಠ ಬಿಡಲಿಲ್ಲ. ಮುಂಡಗೋಡಿನ ವಸಾಹತು 1966ರಲ್ಲಿ ಶುರುವಾಯಿತು, ಅದರ ಹಿಂದೆ ಈ ಎರಡು ಮಠಗಳು ಇಲ್ಲಿಗೆ ಬಂದು ಕಾಡು ಕಡಿದು ಗೋವಿನಜೋಳ ಬಿತ್ತಿದವು.

ಧ್ಯಾನ ಎಂದರೆ ಎಲ್ಲರೂ ಕಣ್ಣು ಮುಚ್ಚಿ ಕುಳಿತಿರುತ್ತಾರೆ ಎಂದುಕೊಂಡು ಹೋದರೆ, ಅಂಗಳದಲ್ಲಿ ನೂರಾರು ಭಿಕ್ಷುಗಳು ಜಗಳವಾಡುತ್ತಿದ್ದ ಹಾಗೆ ಕಂಡಿತು. ಒಬ್ಬ ಕುಳಿತಿರುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಎಸೆಯುತ್ತಾನೆ, ಪ್ರಶ್ನೆ ಮುಗಿಯುವಾಗ ಎಡಗಾಲು ನೆಲಕ್ಕೆ ಅಪ್ಪಳಿಸಿ ಬಲ ಅಂಗೈಯನ್ನು ಎಡ ಅಂಗೈ ಮೇಲೆ ಫಟ್ಟೆಂದು ಹೊಡೆಯುತ್ತಾನೆ. ತರ್ಕದ ಅಭ್ಯಾಸ ಅದು. ನಮ್ಮ ತಾಳಮದ್ದಲೆಯ ಅರ್ಥಧಾರಿಗಳನ್ನು ಅಲ್ಲಿ ಕೂರಿಸಿದರೆ ಮನೆಗೆ ಬರಲು ಒಪ್ಪುವುದಿಲ್ಲ. ಹಿಂದಿ, ಕನ್ನಡ ಎರಡನ್ನೂ ಬೆರೆಸಿ ಮಾತನಾಡಿದ ವಯಸ್ಸಾದ ಭಿಕ್ಷುವೊಬ್ಬರು ನಮಗೆ ಬೆಣ್ಣೆ ಹಾಕಿದ ಉಪ್ಪಿನ ಚಹಾ ಕೊಟ್ಟರು. ಊರಿಗೆ ಮರಳಿ ಹೋಗುತ್ತೇವೆ ಅನಿಸುತ್ತದೆಯೇ ಎಂದು ನಮ್ಮ ಕಿರಾಣಿ ಯಜಮಾನರು ಕೇಳಬಾರದ್ದನ್ನು ಕೇಳಿಬಿಟ್ಟರು. ಅವರು ಸ್ವಲ್ಪ ಹೊತ್ತು ಬಿಟ್ಟು "ಗೊತ್ತಿಲ್ಲ" ಎಂದರು. "ಗೊತ್ತಿಲ್ಲ" ಎಂದು ಹೇಳಿ ಅಷ್ಟಕ್ಕೇ ನಿಲ್ಲಿಸಿದವರನ್ನು ನಾನು ಅಪರೂಪಕ್ಕೆ ನೋಡಿದ್ದು. ಚಹಾ ನನಗೆ ಹಿಡಿಸಲಿಲ್ಲ, ಪೂರ್ತಿ ಕುಡಿದೆ.

ಯಾರು ಹೋಗಬಹುದು, ಯಾರು ಬೇಡ ಎನ್ನುವುದನ್ನೂ ಹೇಳಬೇಕು. ಹೆಸರು ಬರೆಸುವಾಗಲೇ ಸಿಸ್ಟರ್ ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೀರಾ, ಇತ್ತೀಚೆಗೆ ದೊಡ್ಡ ಆಘಾತ ಆಗಿದೆಯೇ ಎಂದು ಕೇಳುತ್ತಾರೆ. ಮಾತ್ರೆ ಬಿಡಬೇಡಿ, ವೈದ್ಯರನ್ನು ಕೇಳಿಯೇ ಬನ್ನಿ ಎನ್ನುತ್ತಾರೆ. ಸುಮ್ಮನೆ ಕುಳಿತಾಗ ಕೆಲವರಿಗೆ ಹಳೆಯದೆಲ್ಲ ಮೇಲೆದ್ದು ಬಂದು ತೊಂದರೆ ಹೆಚ್ಚಾಗುವುದೂ ಇದೆಯಂತೆ. ಕರಪತ್ರದಲ್ಲಿ ಅಚ್ಚು ಹಾಕಬೇಕಾಗಿದ್ದದ್ದು ಇದನ್ನು. ನನ್ನ ಮಗನಿಗೆ ಎಲ್ಲದಕ್ಕೂ ಸಂಶೋಧನೆ ಬೇಕು. ಅವನೇ ಹುಡುಕಿ ಓದಿ ಹೇಳಿದ: ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 2014ರಲ್ಲಿ 47 ಪ್ರಯೋಗಗಳನ್ನು, 3,515 ಜನರನ್ನು ಒಟ್ಟುಮಾಡಿ ನೋಡಿದ್ದಾರೆ; ಆತಂಕ, ಖಿನ್ನತೆ, ನೋವು ಇವಕ್ಕೆ ಸಾಧಾರಣ ಮಟ್ಟಿಗೆ ಅನುಕೂಲವಾಗುತ್ತದೆ, ಆದರೆ ಔಷಧಿಗಿಂತ, ವ್ಯಾಯಾಮಕ್ಕಿಂತ ಮೇಲು ಎಂದು ಕಂಡುಬಂದಿಲ್ಲ. "ಅಪ್ಪಯ್ಯ, ಅಂದರೆ ನೀವು ದಿನಾ ದೇವಿಕೆರೆ ಸುತ್ತಿದರೂ ಆಗುತ್ತಿತ್ತು" ಎಂದ. ಇರಬಹುದು. ಕೆರೆ ಸುತ್ತುವಾಗ ಯಾರೂ ನನ್ನ ಕೈಗೆ ಬಾಣದ ಮಾತು ಕೊಡುತ್ತಿರಲಿಲ್ಲ.

ಹತ್ತು ದಿನದ ವಿಪಸ್ಸನಾ ಶಿಬಿರಕ್ಕೆ ಹೋಗಿಬಂದ ಹಳೆಯ ಸಹೋದ್ಯೋಗಿಯೊಬ್ಬರು ಇದ್ದಾರೆ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ, ಒಂಬತ್ತು ದಿನ ಮಾತಿಲ್ಲ, ಸಂಜೆ ಊಟವಿಲ್ಲ, ಶುಲ್ಕವೂ ಇಲ್ಲ, ಮುಗಿದ ಮೇಲೆ ಮನಸ್ಸಿಗೆ ಬಂದಷ್ಟು ದಾನ. ಅದರ ಮುಂದೆ ನಿಮ್ಮ ಭಾನುವಾರದ್ದು ಮಕ್ಕಳಾಟ ಎಂದರು. ಒಪ್ಪಿದೆ. ಆದರೆ ಕಾಯಿಲೆಯವರನ್ನು ಬಿಟ್ಟು, ಫೋನನ್ನೂ ಕೊಟ್ಟು, ಹತ್ತು ದಿನ ಎಲ್ಲಿಗೂ ಹೋಗಲಾಗದವರಿಗೆ ಒಂಬತ್ತೂವರೆಗೆ ಮನೆಗೆ ಬಂದು ದೋಸೆ ಹೊಯ್ಯಬಹುದಾದ ಧ್ಯಾನವೇ ಸರಿ.

ತರಗತಿ ಮುಗಿದ ಹದಿನಾಲ್ಕನೆಯ ದಿನ ಹುಬ್ಬಳ್ಳಿ. ಹತ್ತೂವರೆಗೆ ಸರದಿಯ ಚೀಟಿ ಸಿಕ್ಕಿತು, ನಂಬರ್ 47. ಕರೆದದ್ದು ಎರಡು ಗಂಟೆಗೆ. ಮೊದಲೆಲ್ಲ ಈ ಮೂರೂವರೆ ಗಂಟೆಯನ್ನು ನಾನು ಕಿಟಕಿಯ ಹತ್ತಿರ ನಿಂತು, ಒಳಗಿನವರ ಮುಖ ಓದುತ್ತ ಕಳೆಯುತ್ತಿದ್ದೆ. ಈ ಸಲ ಬೆಂಚಿನ ಮೇಲೆ ಕುಳಿತೆ. ಕಬ್ಬಿಣದ ಬೆಂಚು, ತೊಡೆಗೆ ತಣ್ಣಗೆ. ಫಿನಾಯಿಲ್ ವಾಸನೆ. ನನ್ನ ಉಸಿರು ಗಿಡ್ಡವಾಗಿತ್ತು, ಗಿಡ್ಡ ಎಂದು ತಿಳಿದುಕೊಂಡೆ. ಹೊಟ್ಟೆಯಲ್ಲಿ ಕಲ್ಲು ಕುಳಿತ ಹಾಗೆ ಇತ್ತು, ಅದು ಕುಳಿತೇ ಇತ್ತು, ಹೋಗಲಿಲ್ಲ. ಹೆಂಡತಿ ಚೀಲದಿಂದ ಕಿತ್ತಳೆ ತೆಗೆದು ಸುಲಿದು ಒಂದು ತೊಳೆ ಕೊಟ್ಟಳು. "ಹತ್ತು ನಿಮಿಷ ತಿನ್ನಬೇಡಿ, ಇನ್ನೂ ಎಂಟು ಇವೆ" ಎಂದಳು.

ಅಂಕಿ 26. ಮಿತಿಯ ಒಳಗೆ. ಹಿಂದಿನದಕ್ಕಿಂತ 4 ಹೆಚ್ಚು. ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಮನೆಗೆ ಬಂದು ಗ್ರಾಫ್ ಕಾಗದ ತೆಗೆದು ಚುಕ್ಕೆ ಇಟ್ಟು ಗೆರೆ ಎಳೆದೆ, ಸುಳ್ಳು ಹೇಳುವುದಿಲ್ಲ. ಆದರೆ ಊಟ ಮಾಡಿ, ಎಲೆ ತೆಗೆದು, ಕೈ ತೊಳೆದುಕೊಂಡ ಮೇಲೆ ಎಳೆದೆ. ಹಿಂದಿನ ಐದು ಸಲವೂ ಊಟವಾಗಿರಲಿಲ್ಲ.

ಹೋಗುವವರಿಗೆ ಎರಡು ಮಾತು. ಚಾಪೆ ನಿಮ್ಮದೇ ಒಯ್ಯಿರಿ, ಅಲ್ಲಿನದು ಹಿಟ್ಟಿನ ಧೂಳು ಹಿಡಿದಿದೆ. ಮೊಣಕಾಲು ನೋವಿದ್ದರೆ ಏಳಕ್ಕೆ ಮೊದಲೇ ಹೋಗಿ ಕುರ್ಚಿ ಹಿಡಿಯಬೇಕು. ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇಲ್ಲ, ಮೇಲಿನಿಂದ ಮೂರನೆಯದು ಸಡಿಲ. ಮುಂದಿನ ತಂಡ ದೀಪಾವಳಿ ಮುಗಿದ ಮೇಲಂತೆ. ಅಡಿಕೆ ಕೊಯ್ಲಿನ ಹೊತ್ತಿಗೆ ತರಗತಿ ಇಡುವುದು ಕರಾವಳಿಯವರಿಗೆ ಮಾತ್ರ ಹೊಳೆಯುವ ವಿಚಾರ, ಹೇಳಿ ನೋಡಿದ್ದೇನೆ. ಆದರೂ ಹೆಂಡತಿಯ ಹೆಸರನ್ನು ಬರೆಸಿ ಬಂದೆ, ಅವಳೇ ಕೇಳಿದಳು. ಒಂದೇ ಮನೆಯ ಎರಡನೆಯವರಿಗೆ ರಿಯಾಯಿತಿ ಉಂಟೇ ಎಂದು ಸಿಸ್ಟರ್‌ಗೆ ಕೇಳಿದೆ. ಇಲ್ಲವಂತೆ.